ಪೈಲ್ ಉದುರ್ತಿದೆ, ಯಾವ ಅಂಟು ಹಚ್ಚಲಿ? ಹಳೆ ಬಟ್ಟೆಯ ಜೂಲು ರಗ್ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ, ಬರೆದವರು ಮಾತ್ರ ಬೇರೆ ಬೇರೆ. ಅದಕ್ಕೇ ಜಾಗ ಜಾಸ್ತಿ ಕೊಡ್ತೀನಿ, ಮಿಕ್ಕಿದ್ದಕ್ಕೆ ಎಷ್ಟು ಬೇಕೋ ಅಷ್ಟು. ಹಾಸು (ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು) ಹೂಡೋದು, ಹಣಿಗೆಗೆ ಎಳೆ ಹಾಯಿಸೋದು, ಪೆಡಲ್ ಕಟ್ಟೋದು ಇದೆಲ್ಲ ಇಲ್ಲಿ ಹೇಳಲ್ಲ. ಅದು ಬರದೇ ಇರೋರು ಮೊದಲು ಸಾದಾ ಚಿಂದಿ ರಗ್ ಒಂದು ನೇಯ್ದು ಮುಗಿಸಿ, ಆಮೇಲೆ ಪೈಲ್ ಕಡೆ, ಅಂದ್ರೆ ರಗ್ ಮೇಲೆ ಎದ್ದು ನಿಲ್ಲೋ ಜೂಲಿನ ಕಡೆ ಬನ್ನಿ.

ಪ್ರಶ್ನೆ: ಫ್ಲೋರ್ ಲೂಮ್‌ನಲ್ಲಿ ಹಳೆ ಟೀ ಶರ್ಟ್ ಪಟ್ಟಿಗಳನ್ನ ಗಂಟು ಹಾಕಿ ದಪ್ಪ ಪೈಲ್ ರಗ್ ನೇಯ್ದೆ. ಮಗ್ಗದ ಮೇಲಿದ್ದಾಗ ಚೆನ್ನಾಗೇ ಇತ್ತು. ಇಳಿಸಿ ಒದರಿದ್ರೆ ಪಟ್ಟಿಗಳು ಉದುರ್ತಿವೆ, ಎಳೆದ್ರೆ ಕೈಗೇ ಬರ್ತಿವೆ. ಹಿಂದುಗಡೆ ಲೇಟೆಕ್ಸ್ ಹಚ್ಚಲಾ, ಹಾಟ್ ಗ್ಲೂ ಹಾಕಲಾ?

ಎರಡೂ ಬೇಡ. ಹಚ್ಚಿಬಿಟ್ಟಿದ್ರೆ ನನಗೆ ಫೋಟೋ ಕಳಿಸಬೇಡಿ.

ಈ ಅಂಟಿನ ಐಡಿಯಾ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಫ್ಯಾಕ್ಟರಿಲಿ ಮಾಡೋ ಟಫ್ಟೆಡ್ ಕಾರ್ಪೆಟ್ ಹಿಂದೆ ಲೇಟೆಕ್ಸ್ ಇರುತ್ತೆ, ಅದನ್ನ ನೋಡಿ ಯಾರೋ ವಿಡಿಯೋದಲ್ಲಿ ಹೇಳಿದ್ರು, ಅದನ್ನ ನೋಡಿ ಇನ್ನೊಬ್ಬರು ಹೇಳಿದ್ರು, ಈಗ ಅದೇ ನಿಯಮ ಆಗೋಗಿದೆ. ಟಫ್ಟೆಡ್ ಕಾರ್ಪೆಟ್‌ನಲ್ಲಿ ಗಂಟೂ ಇಲ್ಲ ಏನೂ ಇಲ್ಲ, ರೆಡಿ ಇರೋ ಬಟ್ಟೆಗೆ ಸೂಜಿಲಿ ದಾರ ಚುಚ್ಚಿ ಬಿಟ್ಟಿರ್ತಾರೆ ಅಷ್ಟೇ, ಅದನ್ನ ಹಿಡಿಯೋಕೆ ಅಂಟು ಬೇಕೇ ಬೇಕು. ನೀವು ಮಾಡ್ತಿರೋದು ನೇಯ್ಗೆ. ನೇಯ್ಗೆಗೆ ಅಂಟು ಬೇಕಾಯ್ತು ಅಂದ್ರೆ ನೇಯ್ಗೆ ಆಗಿಲ್ಲ ಅಂತಾನೇ ಅರ್ಥ. ಅದೂ ಅಲ್ಲದೆ ಲೇಟೆಕ್ಸ್ ವರ್ಷಗಳು ಕಳೆದ ಹಾಗೆ ಒಣಗಿ ಪುಡಿಪುಡಿಯಾಗಿ ಉದುರುತ್ತೆ, ಅಲ್ಲಿವರೆಗೂ ಧೂಳನ್ನ ಒಳಗೇ ಹಿಡ್ಕೊಂಡಿರುತ್ತೆ, ನೆಟ್ಟಗೆ ಒಗೆಯೋಕೂ ಬಿಡಲ್ಲ. ಹಾಟ್ ಗ್ಲೂ ಇನ್ನೂ ಕೆಟ್ಟದ್ದು, ಗಟ್ಟಿ ಗುಂಡುಗಳಾಗಿ ಕೂತ್ಕೊಂಡು ಪ್ರತಿ ಹೆಜ್ಜೆಗೂ ಹಾಸಿನ ಎಳೆನ ಉಜ್ಜಿ ಉಜ್ಜಿ ಸವೆಸುತ್ತೆ.

ಈಗ ಗಂಟಿನ ವಿಷಯ. ಪಟ್ಟಿನ ಎರಡು ಹಾಸಿನ ಎಳೆಗಳ ಮೇಲೆ ಅಡ್ಡ ಇಟ್ಟು, ಒಂದೊಂದು ತುದಿನ ಹೊರಗಡೆಯಿಂದ ಹಿಂದಕ್ಕೆ ಸುತ್ತಿ, ಎರಡನ್ನೂ ಆ ಜೋಡಿಯ ನಡುವಿನಿಂದ ಮೇಲೆ ತಂದು ನಿಮ್ಮ ಕಡೆಗೆ ಎಳೀತೀರಲ್ಲ, ಅದನ್ನ ಟರ್ಕಿಶ್ ಗಂಟು ಅಂತಾರೆ, ಗಿಯೋರ್ಡೆಸ್ ಅಂತಾರೆ, ಉತ್ತರ ಯುರೋಪಿನ ರಿಯಾ ರಗ್‌ಗಳಲ್ಲಿರೋದೂ ಅದೇ. ಹೆಸರಿಗೆ ಗಂಟು, ನಿಜಕ್ಕೂ ಅದೊಂದು ಸುತ್ತು. ಶೂ ಲೇಸ್ ಥರ ತನ್ನನ್ನ ತಾನೇ ಅದು ಹಿಡ್ಕೊಳ್ಳಲ್ಲ. ಅದನ್ನ ಹಿಡಿಯೋದು ಗಂಟಿನ ಸಾಲಿನ ಮೇಲೆ ಕೆಳಗೆ ಬಡಿದು ಕೂರಿಸಿರೋ ತಳದ ಹೊಕ್ಕು, ಅಂದ್ರೆ ಹಾಸಿಗೆ ಅಡ್ಡಲಾಗಿ ಹಾಯಿಸೋ ಎಳೆ. ಎಲ್ಲರ ಗಮನ ಪೈಲ್ ಮೇಲೆ, ಬಣ್ಣ ಹೇಗೆ ಬಂತು ಎಷ್ಟು ಮೆತ್ತಗಿದೆ ಅಂತ. ರಗ್ ಅಂದ್ರೆ ತಳ, ಪೈಲ್ ಅದರ ಮೇಲಿನ ಅಲಂಕಾರ. ತಳ ಸಡಿಲ ಇದ್ರೆ ಎಂಥಾ ಗಂಟು ಹಾಕಿದ್ರೂ ಉದುರುತ್ತೆ.

ತಳ ಯಾಕೆ ಸಡಿಲ ಆಗುತ್ತೆ? ಮೊದಲನೇ ಕಾರಣ ಆತುರ. ಗಂಟಿನ ಒಂದು ಸಾಲು ಮುಗಿದ ಮೇಲೆ ಒಂದೋ ಎರಡೋ ಸಾಲು ಹೊಕ್ಕು ಹಾಕಿ ಮತ್ತೆ ಗಂಟಿಗೆ ಇಳಿದುಬಿಡ್ತೀರಿ. ಕನಿಷ್ಠ ನಾಲ್ಕು ಸಾಲು ಹಾಕಿ, ಆರು ಹಾಕಿದ್ರೆ ಇನ್ನೂ ಒಳ್ಳೇದು. ಪೈಲ್ ತೆಳ್ಳಗೆ ಕಾಣುತ್ತೆ ಅಂತ ಹೆದರಬೇಡಿ, ಪಟ್ಟಿಯ ತುದಿ ನಾಲ್ಕು ಸೆಂಟಿಮೀಟರ್ ಇದ್ರೆ ಅದು ಮಲಗಿ ಎರಡು ಸೆಂಟಿಮೀಟರ್ ಗ್ಯಾಪನ್ನ ಆರಾಮಾಗಿ ಮುಚ್ಚುತ್ತೆ. ಮೂರಕ್ಕಿಂತ ಗಿಡ್ಡ ಕತ್ತರಿಸಿದ್ರೆ ಮಾತ್ರ ಜಾರೋ ಚಾನ್ಸ್ ಜಾಸ್ತಿ, ಜೆರ್ಸಿ ಬಟ್ಟೆಯಲ್ಲಂತೂ ಇನ್ನೂ ಜಾಸ್ತಿ, ಯಾಕಂದ್ರೆ ಅದು ಗಂಟು ಹಾಕುವಾಗ ಹಿಗ್ಗಿ ಆಮೇಲೆ ಕುಗ್ಗುತ್ತೆ.

ಎರಡನೇದು, ಪೈಲ್‌ಗೆ ಬಳಸಿದ ಅದೇ ದಪ್ಪ ಪಟ್ಟಿನ ತಳದ ಹೊಕ್ಕಿಗೂ ಬಳಸೋದು. ಎರಡು ಸೆಂಟಿಮೀಟರ್ ಅಗಲದ ಟೀ ಶರ್ಟ್ ಪಟ್ಟಿ ಎಷ್ಟು ಬಡಿದ್ರೂ ಉಬ್ಬಿಕೊಂಡೇ ಇರುತ್ತೆ, ಗಂಟಿನ ಕುತ್ತಿಗೆ ಹತ್ರ ಹೋಗಿ ಕೂರಲ್ಲ. ಗಂಟಿನ ಸಾಲಿಗೆ ತಾಗೋ ಮೊದಲ ಹೊಕ್ಕು ಗಟ್ಟಿ ದಾರದ್ದಿರಲಿ, ಉಣ್ಣೆ ಆಗಲಿ ಹತ್ತಿ ಆಗಲಿ, ಆಮೇಲಿನ ಸಾಲುಗಳಿಗೆ ಬೇಕಾದ್ರೆ ಹಳೆ ಬೆಡ್‌ಶೀಟಿನ ಸಣ್ಣ ಪಟ್ಟಿ ಹಾಕಿ. ಪೂರ್ತಿ ಚಿಂದಿಯಲ್ಲೇ ಆಗಬೇಕು ಅಂತ ಹಠ ಇರೋರು ಆ ಹಠನ ಪೈಲ್‌ಗೆ ಇಟ್ಕೊಳ್ಳಿ.

ಮೂರನೇದು ಬಿಗಿ. ಇದನ್ನ ಎಷ್ಟು ಸಲ ಹೇಳಿದ್ರೂ ಯಾರೂ ಕೇಳಲ್ಲ. ಶಾಲು ನೇಯೋ ಬಿಗಿಯಲ್ಲಿ ರಗ್ ನೇಯೋಕಾಗಲ್ಲ. ಹಾಸಿನ ಮೇಲೆ ಅಂಗೈ ಇಟ್ಟು ಒತ್ತಿದ್ರೆ ಅದು ತಗ್ಗಬಾರದು, ತಿರುಗಿ ಒತ್ತಬೇಕು. ನಿಮ್ಮ ಮಗ್ಗದ ಹಿಂದಿನ ಬೀಮ್‌ಗೆ ಘರ್ಷಣೆ ಬ್ರೇಕ್ ಇದ್ರೆ, ಅಂದ್ರೆ ಕೇಬಲ್ ಸುತ್ತಿ ಹಿಡಿಯೋ ಥರದ್ದು, ರಗ್ ಬಿಗಿಗೆ ಅದು ಒಂದೊಂದೇ ಕೂದಲೆಳೆಯಷ್ಟು ಜಾರ್ತಾ ಹೋಗುತ್ತೆ, ನಿಮಗೆ ಗೊತ್ತೂ ಆಗಲ್ಲ. ಹಲ್ಲಿನ ಚಕ್ರ, ಅದಕ್ಕೆ ಕೊಂಡಿ ಇರೋದೇ ರಗ್‌ಗೆ ಸರಿ. ಇನ್ನು ಪೆಡಲ್ ತುಳಿದಾಗ ಎಳೆಗಳು ಬರೀ ಮೇಲಕ್ಕೆ ಏಳೋ ಜಾಕ್ ಲೂಮ್ ಇದೆಯಲ್ಲ, ಬಿಗಿ ಜಾಸ್ತಿ ಮಾಡಿದ ತಕ್ಷಣ ಅದರ ಹಾಸಿನ ಬಾಯಿ (ಹೊಕ್ಕು ಹಾಯಿಸೋ ಸಂದು) ಸರಿಯಾಗಿ ತೆರೆಯಲ್ಲ, ತೆರೆಯಲ್ಲ ಅಂತ ನೀವು ಸಡಿಲ ಮಾಡ್ತೀರಿ, ಸಡಿಲ ಮಾಡಿದ್ರಿ ಅಂತ ತಳ ಕೂರಲ್ಲ, ಕೊನೆಗೆ ಅಂಟಿನ ಡಬ್ಬಿ ಹಿಡ್ಕೊಂಡು ನನಗೆ ಬರೀತೀರಿ. ಕೌಂಟರ್‌ಬ್ಯಾಲೆನ್ಸ್ ಅಥವಾ ಕೌಂಟರ್‌ಮಾರ್ಚ್ ಸಿಕ್ಕರೆ ಅದರಲ್ಲಿ ನೇಯಿರಿ, ಅರ್ಧ ಎಳೆ ಮೇಲೆ ಅರ್ಧ ಎಳೆ ಕೆಳಗೆ ಹೋಗೋದ್ರಿಂದ ಬಿಗಿ ಇದ್ರೂ ಬಾಯಿ ತೆರೆಯುತ್ತೆ. ಜಾಕ್ ಲೂಮೇ ಗತಿ ಅನ್ನೋರು ಹೊಕ್ಕನ್ನ ಬಡಿದು ಕೂರಿಸೋ ಬೀಟರ್‌ಗೆ ಒಂದು ಕಬ್ಬಿಣದ ಪಟ್ಟಿ ಬಿಗಿದು ಭಾರ ಮಾಡ್ಕೊಳ್ಳಿ, ಬಾಯಿ ತೆರೆದಿರುವಾಗ ಒಂದು ಏಟು, ಪೆಡಲ್ ಬದಲಿಸಿದ ಮೇಲೆ ಇನ್ನೊಂದು ಏಟು ಹಾಕಿ. ಏಟು ಅಂದ್ರೆ ಏಟು. ಮಗ್ಗ ಮುಂದಕ್ಕೆ ಜರುಗ್ತಿದ್ರೆ ಕಾಲಿಗೆ ತಡೆ ಕೊಡಿ, ಏಟು ಕಮ್ಮಿ ಮಾಡಬೇಡಿ.

ಹಾಸಿನ ದಾರ ನೈಲಾನ್ ಆಗಿದ್ರೆ ಮೇಲೆ ಹೇಳಿದ್ದೆಲ್ಲ ವೇಸ್ಟ್. ಮಗ್ಗದ ಮೇಲೆ ಎಳೆದಾಗ ಹಿಗ್ಗುತ್ತೆ, ಇಳಿಸಿದಾಗ ಕುಗ್ಗುತ್ತೆ, ಜೊತೆಗೆ ನುಣುಪು, ಪಟ್ಟಿ ಜಾರೋಕೆ ಹೇಳಿ ಮಾಡಿಸಿದ್ದು. “ಮಗ್ಗದ ಮೇಲಿದ್ದಾಗ ಚೆನ್ನಾಗೇ ಇತ್ತು” ಅಂತ ಬರೆದಿರೋರಲ್ಲಿ ಎಷ್ಟೋ ಜನ ನೈಲಾನ್ ಹಾಸಿನವರು. ಮೀನುಬಲೆಗೆ ಬಳಸೋ ಥರ ಬಿಗಿಯಾಗಿ ಹುರಿ ಮಾಡಿದ ಹತ್ತಿ ದಾರ 12/6 (ಅದು ದಾರದ ದಪ್ಪದ ನಂಬರ್), ಇಲ್ಲಾಂದ್ರೆ ಲಿನೆನ್, ಸೆಂಟಿಮೀಟರಿಗೆ ಮೂರು ಎಳೆ. ಇದರಲ್ಲಿ ಚೌಕಾಸಿ ಬೇಡ.

ಇನ್ನೊಂದು ತಪ್ಪು ತಿಳುವಳಿಕೆ, ಗಂಟು ಜಾಸ್ತಿ ಇದ್ರೆ ರಗ್ ಗಟ್ಟಿ ಅನ್ನೋದು. ಲೆಕ್ಕ ಹಾಕಿ ನೋಡಿ. ಸೆಂಟಿಮೀಟರಿಗೆ ಮೂರು ಎಳೆ ಅಂದ್ರೆ ಒಂದು ಮೀಟರ್ ಅಗಲಕ್ಕೆ 300 ಎಳೆ, 150 ಜೋಡಿ. ಪ್ರತಿ ಜೋಡಿಗೂ ಗಂಟು ಹಾಕಿ, ಎರಡು ಸೆಂಟಿಮೀಟರಿಗೊಂದು ಸಾಲು ಅಂದ್ರೆ ಒಂದು ಚದರ ಮೀಟರಿಗೆ 7500 ಗಂಟು. ಹತ್ತು ಸೆಂಟಿಮೀಟರ್ ಪಟ್ಟಿ ಅಂದ್ರೆ 750 ಮೀಟರ್ ಪಟ್ಟಿ, ಎರಡು ಸೆಂಟಿಮೀಟರ್ ಅಗಲಕ್ಕೆ 15 ಚದರ ಮೀಟರ್ ಬಟ್ಟೆ, ಅದೂ ಬರೀ ಪೈಲ್‌ಗೆ. ಅಷ್ಟು ದಪ್ಪ ಪಟ್ಟಿಗಳನ್ನ ಪಕ್ಕಪಕ್ಕದಲ್ಲೇ ತುರುಕಿದ್ರೆ ಅವು ಹಾಸಿನ ಎಳೆಗಳನ್ನ ಆಚೆ ಈಚೆ ತಳ್ಳುತ್ತವೆ, ರಗ್ ಅಲೆಅಲೆಯಾಗುತ್ತೆ, ಹೊಕ್ಕು ಒಳಗೆ ಇಳಿಯೋಕೆ ಜಾಗಾನೇ ಇರಲ್ಲ. ಒಂದು ಜೋಡಿ ಬಿಟ್ಟು ಒಂದು ಜೋಡಿಗೆ ಹಾಕಿ, ಮುಂದಿನ ಸಾಲಲ್ಲಿ ಬಿಟ್ಟಿದ್ದಕ್ಕೆ ಹಾಕಿ. 3750 ಗಂಟು ಸಾಕು, ಪೈಲ್ ಬಿದ್ದ ಮೇಲೆ ವ್ಯತ್ಯಾಸ ಕಾಣೋದು ನಿಮಗೆ ಮಾತ್ರ.

ಅಂಚಿನ ವಿಷಯ ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಮೊದಲು ಸಡಿಲ ಆಗೋದು ಅಲ್ಲೇ. ಎರಡೂ ಬದಿಯ ಕೊನೇ ನಾಲ್ಕು ಎಳೆಗೆ ಗಂಟು ಹಾಕಲ್ಲ ಅಲ್ವಾ, ಅಲ್ಲಿ ಗಂಟಿನ ದಪ್ಪ ಇಲ್ಲ, ಹಾಗಾಗಿ ನೇಯ್ತಾ ನೇಯ್ತಾ ಮಧ್ಯಭಾಗ ಮುಂದೆ ಓಡುತ್ತೆ, ಅಂಚು ಹಿಂದೆ ಬೀಳುತ್ತೆ. ಪ್ರತಿ ಗಂಟಿನ ಸಾಲಿಗೂ ಆ ನಾಲ್ಕು ಎಳೆ ಮೇಲೆ ಮಾತ್ರ ತಳದ ದಾರನ ಹೋಗಿ ಬಂದು ಸುತ್ತಿ ಎತ್ತರ ಸಮ ಮಾಡಿ, ಆಮೇಲೆ ಪೂರ್ತಿ ಅಗಲದ ಹೊಕ್ಕು ಹಾಕಿ. ಅಗಲ ಹಿಡಿಯೋ ಹಲ್ಲಿನ ಕಡ್ಡಿನ ಹಾಕೇ ಇರಿ, ಪ್ರತಿ ಎರಡು ಮೂರು ಸೆಂಟಿಮೀಟರಿಗೆ ಮುಂದೆ ಸರಿಸಿ. “ಅದಿಲ್ಲದೇ ನೇಯ್ತೀನಿ” ಅನ್ನೋರ ರಗ್‌ಗಳೆಲ್ಲ ಮಧ್ಯದಲ್ಲಿ ಸೊಂಟ ಬಿಟ್ಕೊಂಡಿರುತ್ತೆ.

ಟೆಸ್ಟ್ ಒಂದೇ. ಇಪ್ಪತ್ತು ಸೆಂಟಿಮೀಟರ್ ನೇಯ್ದ ಮೇಲೆ ಹಾಸಿನ ಬಿಗಿ ಪೂರ್ತಿ ಬಿಟ್ಟು, ನಡುವಿನ ಯಾವುದೋ ಗಂಟಿನ ಒಂದೇ ತುದಿ ಹಿಡಿದು ಎಳೀರಿ. ಜರುಗಿದ್ರೆ ಬಿಚ್ಚಿ. ಇಪ್ಪತ್ತು ಸೆಂಟಿಮೀಟರ್ ಬಿಚ್ಚೋಕೆ ಬೇಜಾರಾಗುತ್ತೆ ಅಂತ ಒಂದೂವರೆ ಮೀಟರ್ ಹಾಳು ಮಾಡ್ಕೊಳ್ಳೋದು ಯಾವ ಜಾಣತನ?

ಈಗಾಗಲೇ ಇಳಿಸಿರೋ ರಗ್‌ಗೆ ಏನು ಮಾಡೋದು? ಮೇಜಿನ ಮೇಲೆ ಮಗುಚಿ ಹಾಕಿ, ಒಂದು ತುದಿಯ ಕುಚ್ಚು ಬಿಚ್ಚಿ, ದಪ್ಪ ಹಲ್ಲಿನ ಬಾಚಣಿಗೆಯೋ ಫೋರ್ಕೋ ತಗೊಂಡು ಹೊಕ್ಕನ್ನ ಸಾಲುಸಾಲಾಗಿ ಇನ್ನೊಂದು ತುದಿ ಕಡೆಗೆ ತಳ್ತಾ ಬನ್ನಿ. ರಗ್ ಗಿಡ್ಡ ಆಗುತ್ತೆ, ಎಷ್ಟು ಗಿಡ್ಡ ಆಯ್ತೋ ಅಷ್ಟು ಸಡಿಲ ಇತ್ತು ಅಂತ ಲೆಕ್ಕ. ಉಳಿದ ಜಾಗಕ್ಕೆ ಮೊಂಡು ಸೂಜಿಲಿ ಹೊಸ ಹೊಕ್ಕು ತುಂಬಿ, ಇಲ್ಲಾ ಅಲ್ಲೇ ಕುಚ್ಚು ಬಿಗಿದು ಮುಗಿಸಿ. ನೈಲಾನ್ ಹಾಸಾಗಿದ್ರೆ ಈ ಕಷ್ಟಾನೂ ಬೇಡ, ಪಟ್ಟಿ ಕಿತ್ತು ಎತ್ತಿಟ್ಟು ಹೊಸದಾಗಿ ಶುರು ಮಾಡಿ.

ಪ್ರಶ್ನೆ: ಬಣ್ಣ ಬಿಡದೇ ಇರೋಕೆ ಪಟ್ಟಿಗಳನ್ನ ವಿನೆಗರ್, ಉಪ್ಪಿನ ನೀರಲ್ಲಿ ನೆನೆಸಿದ್ರೆ ಸಾಕಾ?

ಸಾಕಾಗಲ್ಲ, ಏನೂ ಆಗಲ್ಲ. ಉಪ್ಪು ಹತ್ತಿಗೆ ಬಣ್ಣ ಹಾಕುವಾಗ ಬಣ್ಣನ ನೂಲಿನ ಕಡೆ ತಳ್ಳೋಕೆ ಬೇಕು, ಹುಳಿ ಉಣ್ಣೆಗೆ ಬಣ್ಣ ಹಾಕುವಾಗ ಬೇಕು. ಬಣ್ಣ ಹಾಕಿ ಅಂಗಡಿಗೆ ಬಂದು ನೀವು ನಾಲ್ಕು ವರ್ಷ ಉಟ್ಟು ಹರಿದ ಹತ್ತಿ ಬಟ್ಟೆಗೆ ಅದರಿಂದ ಏನು ಉಪಯೋಗ? ಬಟ್ಟೆನ ಪಟ್ಟಿ ಕತ್ತರಿಸೋ ಮುಂಚೇನೆ ಬಿಸಿನೀರಲ್ಲಿ ಬೇರೆ ಬೇರೆ ಒಗೀರಿ, ನೀರು ತಿಳಿಯಾಗೋವರೆಗೆ. ಆಮೇಲೆ ಒದ್ದೆ ಬಿಳಿ ಬಟ್ಟೆಲಿ ಉಜ್ಜಿ ನೋಡಿ, ಆಗಲೂ ಕೆಂಪು ಹತ್ತಿದ್ರೆ ಆ ಬಟ್ಟೆ ಬಿಟ್ಟುಬಿಡಿ. ಕುಗ್ಗೋ ಬಟ್ಟೆ ಕೂಡ ಅಲ್ಲೇ ಕುಗ್ಗಿಬಿಡುತ್ತೆ. “ಮೊದಲೇ ಒಗೆಯೋ ಅಗತ್ಯ ಇಲ್ಲ” ಅಂತ ಹೇಳೋರು ಆಮೇಲೆ ಬಂದು ನಿಮ್ಮ ರಗ್ ಒಗೆದು ಕೊಡ್ತಾರಾ ಕೇಳಿ.

ಪ್ರಶ್ನೆ: ಸಾವಿರಾರು ಗಂಟು ಹಾಕೋ ತಾಳ್ಮೆ ಇಲ್ಲ. ಗಂಟಿಲ್ಲದೆ ಪೈಲ್ ಬರಲ್ವಾ?

ಬರುತ್ತೆ, ಆದ್ರೆ ತಾಳ್ಮೆ ಅಲ್ಲೂ ಬೇಕು, ಬೇರೆ ಜಾಗದಲ್ಲಿ. ಎರಡು ಸಲ ನೇಯೋ ವಿಧಾನ ನನಗೆ ಇಷ್ಟ. ಮೊದಲ ಸಲ ಹಾಸಿನ ಎಳೆಗಳನ್ನ ನಾಲ್ಕು ನಾಲ್ಕರ ಗುಂಪು ಮಾಡಿ ನಡುವೆ ಐದು ಸೆಂಟಿಮೀಟರ್ ಖಾಲಿ ಬಿಟ್ಟು ಚಿಂದಿ ನೇಯ್ದು, ಖಾಲಿ ಜಾಗದ ಮಧ್ಯದಲ್ಲಿ ಉದ್ದಕ್ಕೆ ಕತ್ತರಿಸಿದ್ರೆ ಕಂಬಳಿಹುಳದ ಥರ ಎರಡೂ ಕಡೆ ರೋಮ ಇರೋ ಉದ್ದ ಪಟ್ಟಿಗಳು ಸಿಗುತ್ತವೆ. ಎರಡನೇ ಸಲ ಅದನ್ನೇ ಹೊಕ್ಕಾಗಿ ಹಾಕಿ, ನಡುನಡುವೆ ಸಾದಾ ಹೊಕ್ಕು ಹಾಕಿ ನೇಯೋದು. ಪಟ್ಟಿನ ಮಡಿಸಿ ರೋಮ ಎಲ್ಲ ಮೇಲಕ್ಕೆ ಬರೋ ಹಾಗೆ ಕೂರಿಸದಿದ್ರೆ ರಗ್‌ಗೆ ಎರಡೂ ಮುಖದಲ್ಲಿ ಪೈಲ್ ಬರುತ್ತೆ, ಅದು ಬೇಕೋ ಬೇಡವೋ ನಿಮಗೆ ಬಿಟ್ಟಿದ್ದು. ಇನ್ನೊಂದು, ಬ್ರಿಟಿಷ್ ನೇಕಾರ ಪೀಟರ್ ಕಾಲಿಂಗ್‌ವುಡ್ (1922–2008) ರಗ್‌ಗೆ ಒಗ್ಗಿಸಿ ಬೆಳೆಸಿದ ಕಾರ್ಡುರಾಯ್ ವಿಧಾನ, ಹೊಕ್ಕನ್ನ ಅಲ್ಲಲ್ಲಿ ಉದ್ದಕ್ಕೆ ತೇಲಿಸಿ ಆಮೇಲೆ ಕತ್ತರಿಸಿದ್ರೆ ಅದೇ ಪೈಲ್. ಬೇಗ ಆಗುತ್ತೆ, ಆದ್ರೆ ಅಲ್ಲಿ ಪೈಲನ್ನ ಹಿಡಿಯೋಕೆ ಆ ಸುತ್ತು ಕೂಡ ಇಲ್ಲ, ಮೇಲೆ ಬಿಗಿ ಬಗ್ಗೆ ಬರೆದಿದ್ದನ್ನ ಇನ್ನೊಂದು ಸಲ ಓದಿ.

ಪ್ರಶ್ನೆ: ಪುಟ್ಟ ಟೇಬಲ್ ಲೂಮ್‌ನಲ್ಲಿ ಮಾಡಬಹುದಾ?

ಲೋಟ ಇಡೋಕೆ ಒಂದು ಚೌಕ ಬೇಕಾದ್ರೆ ಮಾಡ್ಕೊಳ್ಳಿ.

ಪ್ರಶ್ನೆ: ವಾಷಿಂಗ್ ಮಷೀನ್‌ಗೆ ಹಾಕಬಹುದಾ? ವ್ಯಾಕ್ಯೂಮ್?

ದೊಡ್ಡದನ್ನ ಮಷೀನ್‌ಗೆ ಹಾಕಬೇಡಿ, ನೀರು ಕುಡಿದ ಮೇಲೆ ಅದರ ಭಾರ ಮಷೀನ್ ತಡೆಯಲ್ಲ. ವ್ಯಾಕ್ಯೂಮ್ ಓಕೆ, ತಿರುಗೋ ಬ್ರಷ್ ತೆಗೆದಿಟ್ಟು. ಒಣಗಿಸೋದು ಹರಡಿ, ಹಗ್ಗಕ್ಕೆ ನೇತು ಹಾಕಿ ಅಲ್ಲ.

ಪ್ರಶ್ನೆ: ವಯಸ್ಸಾದ ಅಮ್ಮನ ಹಾಸಿಗೆ ಪಕ್ಕ ಹಾಕೋಕೆ ಐದು ಸೆಂಟಿಮೀಟರ್ ಪೈಲ್ ಇರೋದು ನೇಯ್ತಿದ್ದೀನಿ, ಬಣ್ಣ ಯಾವುದು ಚೆಂದ?

ಬಣ್ಣ ಬಿಡಿ, ಮೊದಲು ಆ ಪೈಲ್ ಬಿಡಿ. ಕತ್ತಲಲ್ಲಿ ಎದ್ದು ಬಾತ್‌ರೂಮಿಗೆ ಹೋಗೋರ ಕಾಲಿಗೆ ಉದ್ದ ಪೈಲ್ ಸಿಕ್ಕಿಹಾಕ್ಕೊಳ್ಳುತ್ತೆ, ರಗ್ ಅಡಿ ಜಾರುತ್ತೆ, ಈ ವಿಷಯದಲ್ಲಿ ನಾನು ಅತಿ ಮಾಡ್ತೀನಿ ಅಂತ ಬೈದ್ರೂ ಪರವಾಗಿಲ್ಲ. ಅವರಿಗೆ ಪೈಲ್ ಇಲ್ಲದ ಚಪ್ಪಟೆ ರಗ್ ನೇಯ್ದು ಕೊಡಿ, ಅಡಿಗೆ ಜಾರದ ರಬ್ಬರ್ ಮ್ಯಾಟ್ ಬೇರೆಯಾಗಿ ಹಾಸಿ, ಹಚ್ಚೋದಲ್ಲ, ಹಾಸೋದು. ಜೂಲು ರಗ್ ನಿಮ್ಮ ಸೋಫಾ ಮುಂದೆ ಇರಲಿ.