ಪಂಪಿಂಗ್ ಕಡಿಮೆ ಇರುವವರು ಸಾಂಕ್ರಾಮಿಕದ ಕಾಲದಲ್ಲಿ: ಓದುಗರ ಪ್ರಶ್ನೆ, ಹೃದ್ರೋಗ ತಜ್ಞರ ಉತ್ತರ

ಪ್ರಶ್ನೆ: ತಂದೆಗೆ 71 ವರ್ಷ, ಹಾರ್ಟ್ ಫೇಲ್ಯೂರ್ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾರದ ಕಾಯಿಲೆ) ಇದೆ, ಪಂಪಿಂಗ್ (ಒಂದು ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು) ಶೇ. 30. 2020ರಲ್ಲಿ ಲೋಕಲ್ ರೈಲು ನಿಂತು ತಪಾಸಣೆ ತಪ್ಪಿತು, ಕೊನೆಗೆ ಐಸಿಯು ಸೇರಿದರು. ಮತ್ತೆ ಅಂಥ ಕಾಲ ಬಂದರೆ ಏನು ಮಾಡೋಣ?
– ಓದುಗರು, ಡೊಂಬಿವಲಿ

ಉತ್ತರ: ಇದು ನಿಮ್ಮ ಮನೆಯಲ್ಲಷ್ಟೇ ಆದದ್ದಲ್ಲ. ಆ ವರ್ಷ ಮಾರ್ಚ್–ಏಪ್ರಿಲ್‌ನಲ್ಲಿ ಹಲವು ದೇಶಗಳಲ್ಲಿ ಹಾರ್ಟ್ ಫೇಲ್ಯೂರ್‌ಗೆಂದು ಅಡ್ಮಿಟ್ ಆಗುವವರ ಸಂಖ್ಯೆ ಇಳಿಯಿತು. ಕಾಯಿಲೆ ಕಡಿಮೆಯಾಗಿರಲಿಲ್ಲ, ಆಸ್ಪತ್ರೆಯೆಂದರೆ ಭಯವಿತ್ತು. ತಡವಾಗಿ ಬಂದವರ ಕಾಲು ಊದಿ, ಶ್ವಾಸಕೋಶದಲ್ಲಿ ನೀರು ನಿಂತಿರುತ್ತಿತ್ತು. ಮುಂಬಯಿಯ ನಾಯರ್ ಆಸ್ಪತ್ರೆ ಕೋವಿಡ್‌ಗೆ ಮೀಸಲಾದಾಗ ಅಲ್ಲಿನ ಹಳೆಯ ರೋಗಿಗಳು ಬೇರೆ ಬಾಗಿಲು ಹುಡುಕಬೇಕಾಯಿತು.

ಹಾಗಾಗಿ ಮೊದಲ ಎಚ್ಚರಿಕೆ ಮನೆಯಲ್ಲೇ ಸಿಗಬೇಕು. ಅದಕ್ಕೆ ಒಂದು ಡಿಜಿಟಲ್ ತೂಕದ ಯಂತ್ರ ಸಾಕು. ಚಾಪೆಯ ಮೇಲಲ್ಲ, ಗಟ್ಟಿ ನೆಲದ ಮೇಲಿಡಿ. ಬೆಳಗ್ಗೆ ಮೂತ್ರ ಮಾಡಿ ಬಂದು, ಚಹಾ ಕುಡಿಯುವ ಮೊದಲು, ದಿನವೂ ಅಷ್ಟೇ ಹಗುರ ಬಟ್ಟೆಯಲ್ಲಿ ತೂಗಿ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಉಸಿರಾಟದ ತೊಂದರೆ ಕಾಣಿಸುವ ಮೊದಲೇ ತೂಕ ಏರುವುದುಂಟು. ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ತೂಕ ಎಷ್ಟು ಏರಿದಾಗ ನೀರಿಳಿಸುವ ಮಾತ್ರೆ (ಫ್ಯೂರೋಸೆಮೈಡ್) ಎಷ್ಟು ಹೆಚ್ಚಿಸಬೇಕೆಂದು ಈಗಲೇ ಕೇಳಿ ಬರೆಸಿಟ್ಟುಕೊಳ್ಳಿ. ಡೋಸ್ ಬದಲಾದ ಒಂದೆರಡು ವಾರದೊಳಗೆ ರಕ್ತದ ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವುದು) ಪರೀಕ್ಷೆ ಬೇಕು. ಲ್ಯಾಬ್‌ನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ.

ಮಾತ್ರೆ ತಿಂಗಳಿಗಾಗುವಷ್ಟು ಹೆಚ್ಚಿಗೆ ಇರಲಿ. ಕೊನೆಯ ಎಕೋ, ಇಸಿಜಿ, ಡಿಸ್ಚಾರ್ಜ್ ಕಾರ್ಡಿನ ಫೋಟೋ ನಿಮ್ಮ ಫೋನಿನಲ್ಲಿರಲಿ. ಜತೆಗಿರುವವರನ್ನು ವಾರ್ಡಿಗೆ ಬಿಡದ ಕಾಲದಲ್ಲಿ ತಂದೆಯ ಪರವಾಗಿ ಮಾತಾಡುವುದು ಆ ಕಾಗದಗಳೇ.

ಆದರೆ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾದರೆ, ಎದೆ ನೋವು ಬಂದರೆ, ತಲೆ ತಿರುಗಿ ಬಿದ್ದರೆ ಫೋನಿನಲ್ಲಿ ಕಾಲ ಕಳೆಯಬೇಡಿ. 108ಕ್ಕೆ ಕರೆ ಮಾಡಿ ಹೊರಡಿ. ಸೋಂಕಿನ ಭಯಕ್ಕೆ ಆ ಹೊತ್ತಿನಲ್ಲಿ ಜಾಗವಿಲ್ಲ.

ಪ್ರಶ್ನೆ: ಅತ್ತೆಗೆ ಹಾರ್ಟ್ ಫೇಲ್ಯೂರ್ ಇದೆ. ಈಗ ಜ್ವರ, ದಮ್ಮು, ಆಕ್ಸಿಜನ್ 92. ಕೋವಿಡ್ಡೋ ಹೃದಯವೋ ತಿಳಿಯುವುದು ಹೇಗೆ? ಬಿಪಿ ಮಾತ್ರೆ ನಿಲ್ಲಿಸಬೇಕೇ?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: 92 ಅಂದರೆ ಕಾರಣ ಯಾವುದೇ ಇರಲಿ, ಆಸ್ಪತ್ರೆಗೆ ಹೋಗಬೇಕು. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ನೇಲ್ ಪಾಲಿಶ್ ಒರೆಸಿ, ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ. ಜ್ವರ, ಮೈಕೈ ನೋವು, ವಾಸನೆ ಹೋಗುವುದು ಸೋಂಕಿನ ಕಡೆ ಬೆರಳು ತೋರಿಸುತ್ತವೆ. ಪಾದ ಊತ, ತೂಕ ಏರಿಕೆ, ಎರಡು–ಮೂರು ದಿಂಬಿಟ್ಟು ಮಲಗುವುದು ಹೃದಯದ ಕಡೆ. ಎರಡೂ ಒಟ್ಟಿಗೇ ಇರಬಹುದು ಎನ್ನುವುದೇ ಇಲ್ಲಿನ ಕಷ್ಟ. ಎರಡರಲ್ಲೂ ಸಿಟಿ ಸ್ಕ್ಯಾನ್ ಮಸುಕಾಗಿ ಕಾಣಬಹುದು, ಎರಡರಲ್ಲೂ ಬಿಎನ್‌ಪಿ (ಹೃದಯದ ಮೇಲಿನ ಒತ್ತಡ ತೋರಿಸುವ ರಕ್ತಪರೀಕ್ಷೆ) ಏರಬಹುದು. ‘ಜ್ವರ’ ಎಂದಷ್ಟೇ ಹೇಳಿದರೆ ಸಲೈನ್ ಏರಿಸಿ, ದುರ್ಬಲ ಹೃದಯದ ಮೇಲೆ ನೀರಿನ ಭಾರ ಹಾಕಿಬಿಡುವ ಅಪಾಯವೂ ಇದೆ. ಆದ್ದರಿಂದ ಹಾರ್ಟ್ ಫೇಲ್ಯೂರ್ ಇದೆಯೆಂದು ಬಾಗಿಲಲ್ಲೇ ಹೇಳಿ. ಕೋವಿಡ್ ಕಾಲದಲ್ಲಿ ಆಕ್ಸಿಜನ್ ಏರಲೆಂದು ಬೋರಲು ಮಲಗಿಸುವ ಸಲಹೆ ಎಲ್ಲೆಡೆ ಹರಿದಾಡಿತು. ಗಂಭೀರ ಹೃದ್ರೋಗಿಗಳಿಗೆ ಅದು ಬೇಡವೆಂದು ಸರ್ಕಾರದ ಸೂಚನೆಯಲ್ಲೇ ಇತ್ತು.

ರ‍್ಯಾಮಿಪ್ರಿಲ್, ಟೆಲ್ಮಿಸಾರ್ಟನ್ ಜಾತಿಯ ಬಿಪಿ ಮಾತ್ರೆ ಕೋವಿಡ್ ಹೆಚ್ಚಿಸುತ್ತದೆಂಬ ಸುದ್ದಿ 2020ರಲ್ಲಿ ಹಬ್ಬಿತ್ತು. ಪರೀಕ್ಷಿಸಿ ನೋಡಿದಾಗ ನಿಲ್ಲಿಸಿದ್ದರಿಂದ ಲಾಭ ಕಾಣಲಿಲ್ಲ. ತಾವಾಗಿ ನಿಲ್ಲಿಸಬೇಡಿ. ವಾಂತಿ–ಭೇದಿ ಹತ್ತಿ ಮೈ ಒಣಗುತ್ತಿದ್ದರೆ ಮಾತ್ರ ಇವನ್ನೂ ನೀರಿನ ಮಾತ್ರೆಯನ್ನೂ ಡಾಪಾಗ್ಲಿಫ್ಲೋಜಿನ್ (ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಕೊಡುವ ಮಾತ್ರೆ) ಅನ್ನೂ ಒಂದೆರಡು ದಿನ ತಡೆಯಬೇಕಾದೀತು. ಅದನ್ನು ವೈದ್ಯರು ಹೇಳಲಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಬೇಡ, ಅವು ಉಪ್ಪು–ನೀರನ್ನು ಮೈಯಲ್ಲೇ ಹಿಡಿದಿಡುತ್ತವೆ.

ಪ್ರಶ್ನೆ: ಮನೆಯಲ್ಲೇ ಕೂತಾಗ ಉಪ್ಪಿನಕಾಯಿ, ಒಣಮೀನು ಹೆಚ್ಚಾಯಿತು. ಲೋ ಸೋಡಿಯಂ ಉಪ್ಪು ಬಳಸಬಹುದೇ?
– ಓದುಗರು, ವಾಸ್ಕೋ

ಉತ್ತರ: ಕೇಳದೆ ಬೇಡ. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ (ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುವ ಹೃದಯದ ಮಾತ್ರೆ) ನುಂಗುವವರಿಗೆ ರಕ್ತದ ಪೊಟ್ಯಾಸಿಯಂ ಏರಿ ಎದೆ ಬಡಿತವೇ ಹದ ತಪ್ಪಬಹುದು. ಮಾಮೂಲಿ ಉಪ್ಪು ಎಲ್ಲ ಸೇರಿ ದಿನಕ್ಕೆ ಒಂದು ಟೀ ಚಮಚದೊಳಗಿರಲಿ. ಒಣ ಬಂಗುಡೆಯನ್ನು ಎಷ್ಟು ನೆನೆಸಿ ತೊಳೆದರೂ ಉಪ್ಪು ಪೂರ್ತಿ ಹೋಗುವುದಿಲ್ಲ, ತಾಜಾ ಮೀನನ್ನೇ ತನ್ನಿ. ಹುಳಿಗೆ ಕೋಕಂ ಇದ್ದರೆ ಉಪ್ಪು ಕಡಿಮೆಯಾದದ್ದು ಅಷ್ಟಾಗಿ ತಿಳಿಯದು.