ಅಮ್ಮನ ಮನೆ, ತಮ್ಮನ ಮಹಡಿ, ನಿಮ್ಮ ಸಹಿ

ಪ್ರಶ್ನೆ: ನನಗೆ 42 ವರ್ಷ. ಗಂಡ, ಎಸ್ಸೆಸ್ಸೆಲ್ಸಿ ಓದುವ ಮಗನ ಜೊತೆ ಬೆಂಗಳೂರಿನ ನಾಗರಭಾವಿಯಲ್ಲಿ ಎರಡು ರೂಮಿನ ಬಾಡಿಗೆ ಮನೆಯಲ್ಲಿದ್ದೇನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ತವರು ತಿಪಟೂರು. ಅಪ್ಪ ತೀರಿಕೊಂಡು ಮೂರು ವರ್ಷ, ವಿಲ್ ಬರೆದಿಲ್ಲ. ಅಪ್ಪ ದುಡಿದು ಕಟ್ಟಿದ ಆ ಮನೆಯಲ್ಲಿ 69 ವರ್ಷದ ಅಮ್ಮ, 36 ವರ್ಷದ ತಮ್ಮ ಇದ್ದಾರೆ. ಅವನಿಗೆ ಮದುವೆಯಾಗಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಹೋದವನು ವಾಪಸ್ ಬರಲೇ ಇಲ್ಲ, ಅಲ್ಲಿಂದಲೇ ಕೆಲಸ. ಅಮ್ಮ ಈ ವಯಸ್ಸಲ್ಲೂ ಅವನಿಗೆ ಬೇಯಿಸಿ ಹಾಕಬೇಕು. ನೆಂಟರು ಆಡಿಕೊಳ್ಳುತ್ತಾರೆ. ಈಗ ಮೇಲೆ ಮಹಡಿ ಕಟ್ಟುತ್ತಾನಂತೆ. ಲೋನ್‌ಗೆ ಬೇಕು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತಿದ್ದಾನೆ. ಅಮ್ಮನನ್ನು ಇಲ್ಲಿಗೆ ಕರೆತಂದು ಆ ಮನೆ ಬಾಡಿಗೆಗೆ ಕೊಡೋಣ ಅಂತ ನನಗೆ. ಅಮ್ಮ ಕೇಳಿದರೆ "ನಂಗೆ ಇಲ್ಲೇ ಸಾಕು ಬಿಡು" ಅಂತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನ ಎರಡು ಸಲ ಓದಿದೆ. ತಮ್ಮ ಇದ್ದಾನೆ, ನೆಂಟರಿದ್ದಾರೆ, ನೀವಿದ್ದೀರಿ. ಅಮ್ಮ ಬಾಯಿ ಬಿಟ್ಟಿರುವುದು ಒಂದೇ ಸಲ. ಆ ಮಾತನ್ನ ನೀವು ಹಾಗೇ ದಾಟಿಕೊಂಡು ಮುಂದೆ ಹೋಗಿದ್ದೀರಿ.

ನಮ್ಮತ್ತೆಯನ್ನ ನಾವೂ ಹೀಗೇ ಊರಿಂದ ಕರ್ಕೊಂಡು ಬಂದಿದ್ದೆವು. ಬಸವೇಶ್ವರನಗರದಲ್ಲಿ ಮೂರನೇ ಮಹಡಿ. ಹಿತ್ತಲಿಲ್ಲ, ಕಾಂಪೌಂಡ್ ಆಚೆಯಿಂದ "ಏನ್ ಸಾರು ಇವತ್ತು?" ಅಂತ ಕೇಳುವವರಿಲ್ಲ. ಸಂಜೆ ನಾನು ಆಫೀಸಿಂದ ಬಂದರೆ ಬಾಲ್ಕನಿಯಿಂದಲೇ ವರದಿ: "ಇವತ್ತು ಹದಿನೇಳು ಬಸ್ಸು ಹೋಯ್ತು ಕಣೇ." ಮೊದಲ ವಾರ ನಕ್ಕೆ. ಎರಡನೇ ತಿಂಗಳಲ್ಲಿ ನಗು ಬರಲಿಲ್ಲ. ನೀವೆಲ್ಲ ಹೊರಟ ಮೇಲೆ ಸಂಜೆಯವರೆಗೆ ಅಮ್ಮ ಏನು ಮಾಡ್ತಾರೆ? ರಾತ್ರಿ ಎಲ್ಲಿ ಮಲಗ್ತಾರೆ? ಹನ್ನೆರಡರವರೆಗೆ ಲೈಟ್ ಹಾಕಿಕೊಂಡು ಓದುವ ಮೊಮ್ಮಗನ ರೂಮಲ್ಲಾ?

ಮೂವತ್ತಾರರ ಗಂಡಸು ಅಮ್ಮನ ಮನೆಯಲ್ಲಿರುವುದು ನನಗೇನೂ ತಪ್ಪು ಅನ್ನಿಸುವುದಿಲ್ಲ. ಅವನು ಬೆಂಗಳೂರಲ್ಲಿ ಪಿಜಿಯಲ್ಲಿದ್ದಿದ್ದರೆ ಇದೇ ನೆಂಟರು "ಅಮ್ಮನ್ನ ಒಬ್ಬಳನ್ನೇ ಬಿಟ್ಟ" ಅಂತಿದ್ದರು. ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಎದೆ ಹಿಡಿದರೆ ಆಟೋ ಕರೆಯುವವನು ಅವನೇ. ಆದರೆ ಬೇಯಿಸಿ ಹಾಕುವ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಸಿಲಿಂಡರ್ ಬುಕ್ ಮಾಡೋದು ಯಾರು? ತಿಂದ ತಟ್ಟೆ ತೊಳೀತಾನಾ? ಅಥವಾ ಅಮ್ಮನ ಗೃಹಲಕ್ಷ್ಮಿ ದುಡ್ಡು 2000 ರೂಪಾಯಿಯಲ್ಲೇ ತರಕಾರಿ ಬರ್ತಿದೆಯಾ? ನೇರವಾಗಿ ಅವನನ್ನೇ ಕೇಳಿ. ಅಮ್ಮನ ಮುಂದೆ ಬೇಡ, ಅವರು ಮಗನ ಪರ ನಿಂತುಬಿಡ್ತಾರೆ, ಗೊತ್ತಲ್ವಾ.

ಇನ್ನು ಸಹಿ. ಹಾಕಬೇಡಿ.

ತಮ್ಮ ಮೋಸಗಾರ ಅಂತ ಹೇಳ್ತಿಲ್ಲ. ಲೋನ್ ಸಿಕ್ಕರೆ ಸಾಕು ಅಂತ ಯಾರೋ ಹೇಳಿದ ಹತ್ತಿರದ ದಾರಿ ಹಿಡಿದಿರಬಹುದು. ಆದರೆ ಆ ಪತ್ರ ಒಂದು ಸಲ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಯಿತೋ, ಆಮೇಲೆ ಮನಸ್ಸು ಬದಲಾದರೆ ಕೋರ್ಟ್ ಅಲೆಯಬೇಕು. ಹೆಣ್ಣುಮಕ್ಕಳಿಗೆ 2005ರಲ್ಲಿ ಹಕ್ಕು ಬಂತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಪಿತ್ರಾರ್ಜಿತದ ಮಾತು. ಅಪ್ಪನ ಸ್ವಂತ ದುಡಿಮೆಯ ಮನೆ, ವಿಲ್ ಇಲ್ಲ ಅಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಹೆಂಡತಿ, ಮಗ, ಮಗಳಿಗೆ ಸಮಪಾಲು. ಅಪ್ಪನ ತಾಯಿ ಮೊದಲೇ ಹೋಗಿದ್ದಾರೆ ಅಂದುಕೊಂಡು ಹೇಳ್ತಿದ್ದೀನಿ, ಇಲ್ಲದಿದ್ದರೆ ಅವರಿಗೂ ಒಂದು ಪಾಲು. ಅಂದರೆ ಮೂರರಲ್ಲಿ ಒಂದು ನಿಮ್ಮದು, ಒಂದು ಅಮ್ಮನದು. ನನಗೆ ನಿಮ್ಮ ಪಾಲಿಗಿಂತ ಅಮ್ಮನ ಪಾಲಿನ ಚಿಂತೆ ಜಾಸ್ತಿ. ಆ ಪತ್ರದಲ್ಲಿ ಅಮ್ಮನ ಸಹಿಯನ್ನೂ ಕೇಳಿದ್ದಾನಾ ನೋಡಿ. ಕೇಳಿದ್ದರೆ ಅದಂತೂ ಕೂಡದು. ಮುಂದೆ ಯಾವತ್ತಾದರೂ ಅಮ್ಮ ತಾವಾಗೇ ದಾನಪತ್ರ ಮಾಡಿಕೊಡುವುದಾದರೆ, ಅಮ್ಮನನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತನ್ನ ಅದರಲ್ಲೇ ಬರೆಸಲಿ. ಷರತ್ತು ಮುರಿದರೆ ಪತ್ರ ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ದಾರಿಯಿದೆ.

ಹಾಗಂತ ಮಹಡಿಗೆ ಅಡ್ಡ ನಿಲ್ಲಬೇಡಿ. ನಗರಸಭೆಯಲ್ಲಿ ಖಾತೆಯನ್ನ ಮೂವರ ಹೆಸರಿಗೂ ಸೇರಿಸಿ ಮಾಡಿಸಿ. ಮಹಡಿಗೆ ಎಷ್ಟು ಖರ್ಚಾಯಿತು, ಅದು ಅವನ ದುಡ್ಡು ಅಂತ ಮೂವರೂ ಒಪ್ಪಿ ವಕೀಲರ ಕೈಲಿ ಬರೆಸಿಟ್ಟುಕೊಳ್ಳಿ. ಬ್ಯಾಂಕಿನವರು ನಿಮ್ಮ ಸಹಿ ಕೇಳಿದರೆ, ಒಪ್ಪಿಗೆಗಷ್ಟೇನಾ ಅಥವಾ ಕಂತು ಕಟ್ಟುವ ಜವಾಬ್ದಾರಿಯೂ ನಿಮ್ಮ ತಲೆ ಮೇಲೆ ಬರುತ್ತಾ ಅಂತ ಬಿಡಿಸಿ ಕೇಳಿ. ನಾಚಿಕೊಂಡು ಸುಮ್ನೆ ಗೀಚಬೇಡಿ.

ಅಮ್ಮ ಬಂದು ಹೋಗಲಿ. ಮಗನ ಪರೀಕ್ಷೆ ಮುಗಿದ ಮೇಲೆ ಹದಿನೈದು ದಿನ ಇರಲಿ, ಸಾಕೆನಿಸಿದ ದಿನ ಹೊರಡಲಿ. ಆಧಾರ್ ಕಾರ್ಡ್ ತೋರಿಸಿ ಕೆಂಪು ಬಸ್ಸು ಹತ್ತಿದರೆ ಟಿಕೆಟ್ ದುಡ್ಡೂ ಇಲ್ಲ.

ಕಟ್ಟುವಾಗ ಒಂದು ಹಟ ಹಿಡಿಯಿರಿ: ಮೆಟ್ಟಿಲು ಹೊರಗಿಂದ ಬರಲಿ. ಮೇಲೆ ಅಡುಗೆಮನೆ ಬೇರೆ, ಕರೆಂಟ್ ಮೀಟರ್ ಬೇರೆ. ಅವನು ಅನ್ನ ಸಾರು ಮಾಡಿಕೊಳ್ಳಲು ಕಲಿತಾನು. ನಾಳೆ ಸೊಸೆ ಬಂದರೂ ಕೆಳಗಿನ ಮನೆ, ಒಲೆ, ಹಿತ್ತಲು ಅಮ್ಮನ ಕೈಯಲ್ಲೇ ಇರುತ್ತೆ. ಮೇಸ್ತ್ರಿ ಬಂದಾಗಲೇ ಕೆಳಗಿನ ಬಚ್ಚಲಿಗೆ ಜಾರದ ಟೈಲ್ಸ್ ಹಾಕಿಸಿ, ಕಮೋಡ್ ಕೂರಿಸಿ, ಪಕ್ಕದ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ ಬಿಗಿಸಿ. ಆ ಖರ್ಚು ನೀವು ಕೊಡಿ.