ರಕ್ತ ಬಂದರೆ ಬ್ರಷ್ ಬಿಡಬೇಕಾ?

‘ಬ್ರಷ್ ಮಾಡುವಾಗ ವಸಡಿನಿಂದ ರಕ್ತ ಬರುತ್ತದೆ. ಅದಕ್ಕೆ ಆ ಕಡೆ ಉಜ್ಜುವುದನ್ನೇ ಬಿಟ್ಟಿದ್ದೇನೆ. ಡಾಕ್ಟರು ಕ್ಲೀನಿಂಗ್ ಮಾಡಿಸಿ ಅಂದರು. ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅಂತ ಗೆಳತಿ ಹೆದರಿಸಿದ್ದಾಳೆ’ ಎಂದು ಬರೆದಿದ್ದೀರಿ.

ಮೊದಲು ಆ ಕಡೆ ಮತ್ತೆ ಉಜ್ಜಲು ಶುರು ಮಾಡಿ, ಮೆತ್ತನೆ ಬ್ರಷ್‌ನಲ್ಲಿ. ಗಾಯವನ್ನು ಮುಟ್ಟದೆ ಬಿಡುವುದು ನಮ್ಮ ರೂಢಿ. ಆದರೆ ಸಾಮಾನ್ಯವಾಗಿ ಇದು ಗಾಯವಲ್ಲ, ಹಲ್ಲಿನ ಬುಡದಲ್ಲಿ ಕೂತ ಪಾಚಿಯಿಂದ ಬಂದ ಊತ. ಬಿಟ್ಟಷ್ಟೂ ಪಾಚಿ ಜಾಸ್ತಿ, ರಕ್ತವೂ ಜಾಸ್ತಿ. 1965ರಲ್ಲಿ ಡೆನ್ಮಾರ್ಕಿನಲ್ಲಿ ದಂತವೈದ್ಯ ಹರಾಲ್ಡ್ ಲೋ ಮತ್ತು ಸಂಗಡಿಗರು 12 ಜನರಿಗೆ ಹಲ್ಲುಜ್ಜುವುದನ್ನೇ ಬಿಡಿಸಿ ನೋಡಿದರು. (ಒಪ್ಪಿಕೊಂಡವರನ್ನು ಮೆಚ್ಚಬೇಕು!) ಎರಡು ಮೂರು ವಾರದೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸರಿಹೋಯಿತು.

ಈ ಹಂತದ ಹೆಸರು ಜಿಂಜಿವೈಟಿಸ್. ಇಲ್ಲಿಂದ ವಾಪಸ್ ಬರಬಹುದು. ಮುಂದಿನದು ಪೆರಿಯೊಡಾಂಟೈಟಿಸ್. ಅದರಲ್ಲಿ ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗುತ್ತದೆ, ನೋವೂ ಅಷ್ಟಾಗಿ ಇರುವುದಿಲ್ಲ. ಹೋದ ಮೂಳೆ ಬಹುಮಟ್ಟಿಗೆ ಹೋದಂತೆಯೇ. ಚಿಕಿತ್ಸೆ ಮಾಡುವುದು ಉಳಿದದ್ದನ್ನು ಕಾಯುವ ಕೆಲಸ.

ನಿಮ್ಮ ಗೆಳತಿ ಸುಮ್ನೆ ಹೇಳಿಲ್ಲ. ಕ್ಲೀನಿಂಗ್ ಆದ ಮೇಲೆ ಹಲ್ಲುಗಳ ನಡುವೆ ಸಂದು ಕಾಣುತ್ತದೆ, ಕೆಲವೊಮ್ಮೆ ಹಲ್ಲು ಅಲ್ಲಾಡಿದ ಹಾಗೂ ಅನಿಸುತ್ತದೆ. ಆದರೆ ಆ ಸಂದು ಮೊದಲೇ ಇತ್ತು. ಗಟ್ಟಿಯಾದ ಪಾಚಿ ಗಾರೆ ಹಾಗೆ ಅದನ್ನು ತುಂಬಿತ್ತು, ಊದಿದ ವಸಡು ಮುಚ್ಚಿತ್ತು. ಗಾರೆ ಹೋಯಿತು, ಊತ ಇಳಿಯಿತು, ಇದ್ದದ್ದು ಕಂಡಿತು. ಅಷ್ಟೇ ಅಲ್ವಾ? ನಾನೂ ಇದೇ ಭಯದಲ್ಲಿ ವರ್ಷಗಟ್ಟಲೆ ಮುಂದೂಡಿದವನೇ.

ಡಾಕ್ಟರು ಸಣ್ಣ ಅಳತೆಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವಿನ ಸಂದಿಗೆ ಇಳಿಸಿ ಆಳ ನೋಡುತ್ತಾರೆ. 3 ಮಿಲಿಮೀಟರ್ ತನಕ ಚಿಂತೆಯಿಲ್ಲ. ಅದಕ್ಕಿಂತ ಆಳವಾಗಿ ಮೂಳೆಯೂ ಇಳಿದಿದ್ದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ವಸಡಿನ ಒಳಗೆ ಬೇರಿನವರೆಗೂ ಕೆರೆದು ತೆಗೆಯುತ್ತಾರೆ. ಎರಡು ಮೂರು ತಿಂಗಳ ನಂತರ ಮತ್ತೆ ಅಳೆಯುತ್ತಾರೆ. ಆಗಲೂ ಆಳ ಉಳಿದ ಕಡೆ ಮಾತ್ರ ವಸಡು ಬಿಡಿಸಿ ಸರ್ಜರಿ ಮಾಡಬೇಕಾಗಬಹುದು. ಬರೀ ಮಾತ್ರೆಯಿಂದಾಗಲಿ ಮೌತ್‌ವಾಶ್‌ನಿಂದಾಗಲಿ ಗಾರೆ ಕಿತ್ತು ಬರುವುದಿಲ್ಲ.

ಸಕ್ಕರೆ ಕಾಯಿಲೆ ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ವಸಡಿನ ರೋಗ ಜೋರಾಗುತ್ತದೆ, ವಸಡು ಕೆಟ್ಟಿದ್ದರೆ ಸಕ್ಕರೆಯೂ ಹತೋಟಿಗೆ ಬರಲು ಸತಾಯಿಸುತ್ತದೆ. ಸಿಗರೇಟು ಸೇದುವವರಿಗೆ ಇನ್ನೊಂದು ಮಾತು: ಅವರಲ್ಲಿ ರೋಗವಿದ್ದರೂ ರಕ್ತ ಅಷ್ಟಾಗಿ ಕಾಣುವುದಿಲ್ಲ. ಆ ಲೆಕ್ಕದಲ್ಲಿ ನಿಮಗೆ ರಕ್ತ ಕಂಡದ್ದೇ ಒಳ್ಳೆಯದಾಯಿತು. ಮುಂದಿನ ಸಲ ಹೋದಾಗ ಆ ಸಂದಿನ ಆಳ ಎಷ್ಟು ಮಿಲಿಮೀಟರ್ ಇದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ.

– ಸಂ.